ದೇವರು ಕೇಳಿದ್ದಾ?

ಹೋದ ವರ್ಷ ಆಗಸ್ಟಿನಲ್ಲಿ ಮಗಳಿಗೆ ಡೆಂಗಿ ಬಂತು. ಅವಳಿಗೆ 14 ವರ್ಷ. ಮಂಗಳೂರಿನ ಮಳೆಗಾಲದಲ್ಲಿ ಜ್ವರ ಅಂದರೆ ಯಾರೂ ಹೌಹಾರುವುದಿಲ್ಲ. ಎರಡು ದಿನ ಗಂಜಿ, ಉಪ್ಪಿನಕಾಯಿ, ಮಾತ್ರೆ ಅಂತ ಮನೆಯಲ್ಲೇ ನೋಡಿಕೊಂಡೆವು. ನಾಲ್ಕನೇ ದಿನ ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿಯಿತು. ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಸ್ಟೀಲ್ ಬೆಂಚಿನ ಮೇಲೆ ಕೂತು ನಾನು ದೇವರಿಗೆ ಮಾತು ಕೊಟ್ಟೆ. "ಇವಳನ್ನು ಉಳಿಸಿಕೊಡು. ನಿನಗಾಗಿ ಏನಾದರೂ ದೊಡ್ಡದು ಮಾಡುತ್ತೇನೆ."

ಮಗಳು ಉಳಿದಳು. ಒಂಬತ್ತನೇ ದಿನ ಮನೆಗೆ ಬಂದಳು. ಬಂದವಳೇ ಅಜ್ಜಿಯ ಹತ್ತಿರ ಮೀನು ಸಾರು ಕೇಳಿದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಆಮೇಲೆ ಕೊಟ್ಟ ಮಾತಿನ ಲೆಕ್ಕ ಶುರುವಾಯಿತು. ನಮ್ಮ ಕ್ರೈಸ್ತ ಸಭೆಯಲ್ಲಿ ಬೆಳೆ ಹಬ್ಬ ಹತ್ತಿರ ಬರುತ್ತಿತ್ತು. ಜನ ಬಾಳೆಗೊನೆ, ತೆಂಗಿನಕಾಯಿ, ಅಕ್ಕಿ, ತರಕಾರಿ ತಂದು ಯಜ್ಞವೇದಿಯ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ಆ ದಿನ ಸಭೆಗೆ ಒಂದು ಒಳ್ಳೆಯ ಕೀಬೋರ್ಡ್, ಎರಡು ದೊಡ್ಡ ಸ್ಪೀಕರ್ ಕೊಡುವುದು ಅಂತ ನಿರ್ಧಾರ ಮಾಡಿದೆ. ಹಂಪನಕಟ್ಟೆಯ ಅಂಗಡಿಗೆ ಹೋಗಿ ರೇಟ್ ಕೇಳಿ ಬಂದೆ. ಹಿತ್ತಾಳೆಯ ಒಂದು ಚಿಕ್ಕ ಫಲಕ ಕೂಡ ಬೇಕು ಅನಿಸಿತು. ಅದರಲ್ಲಿ ಏನು ಬರೆಸುವುದು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡೆ. ಮೇಲೆ ಅಪ್ಪನ ಹೆಸರು, ಕೆಳಗೆ "ಪ್ರೀತಿಯ ನೆನಪಿಗಾಗಿ", ಅದರ ಕೆಳಗೆ ನನ್ನ ಹೆಸರು. ಅಪ್ಪನಿಗೆ ಇಬ್ಬರು ಮಕ್ಕಳು. ಚೀಟಿಯಲ್ಲಿ ಇದ್ದದ್ದು ಒಬ್ಬನದು ಮಾತ್ರ.

ಅಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಕುಚ್ಚಲಕ್ಕಿ ಆರಿಸುತ್ತಿದ್ದರು. ನಾನು ಚೀಟಿ ಓದಿ ಹೇಳಿದೆ. ಅವರು ಮೊರದಿಂದ ಕಣ್ಣು ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. ಆಮೇಲೆ ತುಳುವಿನಲ್ಲಿ ಎರಡೇ ಪದ ಹೇಳಿದರು. "ದೇವೆರ್ ಕೇಂಡೆರಾ?"

ದೇವರು ಕೇಳಿದ್ದಾ?

ನಮ್ಮದು ಹಳೆಯ ಬಾಸೆಲ್ ಮಿಶನ್ ಕುಟುಂಬ. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮೂವರು ಮಿಶನರಿಗಳು ಮಂಗಳೂರಿಗೆ ಬಂದರಲ್ಲ, ಅದರ ನಂತರದ ಯಾವುದೋ ಒಂದು ತಲೆಮಾರಿನಲ್ಲಿ ನಮ್ಮವರು ಸಭೆಗೆ ಸೇರಿದರು. ಇದೇ ಊರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟೆಲರ ದೊಡ್ಡ ನಿಘಂಟು ಅಚ್ಚಾಯಿತು. ಅಮ್ಮನಿಗೆ ನಿಘಂಟು ಬೇಡ. ಅವರು ಒಂದೇ ಒಂದು ಕ್ರಿಯಾಪದವನ್ನು ನನ್ನ ಮುಂದೆ ಇಟ್ಟರು, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕೇಳು. ನಮ್ಮ ಭಾಷೆಯಲ್ಲಿ ಈ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಕಿವಿಗೆ ಬಿದ್ದರೆ ಕೇಳಿತು ಅನ್ನುತ್ತೇವೆ. ಪ್ರಶ್ನೆ ಹಾಕಿದರೂ ಕೇಳುವುದೇ. ಬೇಕು ಅಂತ ಕೈ ಚಾಚಿದರೂ ಕೇಳುವುದೇ. ಹೇಳಿದ ಹಾಗೆ ನಡೆಯುವ ಮಗುವಿಗೆ "ಮಾತು ಕೇಳುತ್ತದೆ" ಅನ್ನುತ್ತೇವೆ. ತುಳುವಿನಲ್ಲೂ ಹಾಗೇ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಶಮಾ ಅನ್ನುವ ಒಂದೇ ಪದ ಕಿವಿಗೊಡುವುದಕ್ಕೂ ವಿಧೇಯರಾಗುವುದಕ್ಕೂ ನಿಲ್ಲುತ್ತದೆ. ಈ ಕೇಳುವಿಕೆಗಳಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ. ದೇವರ ಹತ್ತಿರ ಬೇಕಾದ್ದನ್ನು ಕೇಳುವುದು. ಅವನಿಗೆ ಏನು ಬೇಕು ಅಂತ ಕೇಳಿದ್ದು ನೆನಪಿಲ್ಲ. ಅವನು ಆಗಲೇ ಹೇಳಿಬಿಟ್ಟದ್ದನ್ನು ಕೇಳಿದ್ದೂ ನೆನಪಿಲ್ಲ.

ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಕುಟುಂಬ ಪ್ರಾರ್ಥನೆ. ಅದಕ್ಕೆ ಮೊದಲು ಅಜ್ಜಿ ಹಿತ್ತಲಿನ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುತ್ತಿದ್ದರು. ಹಿಮ್ಮಡಿಯನ್ನು ಕಲ್ಲಿಗೆ ಒಂದು ಸಲ ಉಜ್ಜಿ, ಚೆಂಬಿನಿಂದ ನೀರು ಹೊಯ್ದು, ಮತ್ತೆ ಉಜ್ಜುವುದು. ಆ ಕರಕರ ಸದ್ದು ಕೇಳಿದರೆ ನಾವು ಆಟ ಬಿಟ್ಟು ಓಡಿ ಬರಬೇಕು. ಅಜ್ಜಿ ಸೆರಗು ತಲೆಗೆ ಹೊದ್ದುಕೊಂಡು ಚಾಪೆಯ ಮೇಲೆ ಕೂರುತ್ತಿದ್ದರು. ಸತ್ಯವೇದವನ್ನು, ಅಂದರೆ ಬೈಬಲನ್ನು, ಎರಡೂ ಕೈಯಿಂದ ತೆಗೆಯುತ್ತಿದ್ದರು. ಒಂದು ಸಲ ನಾನು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದೆ. ಅಜ್ಜಿ ಬೈಯಲಿಲ್ಲ. ಲೋಟ ತೆಗೆದು, ಸೆರಗಿನಿಂದ ರಟ್ಟು ಒರೆಸಿ, ಸುಮ್ಮನೆ ನನ್ನ ಮುಖ ನೋಡಿದರು. ಇವತ್ತಿಗೂ ನಾನು ಯಾವ ಪುಸ್ತಕದ ಮೇಲೂ ಲೋಟ ಇಡುವುದಿಲ್ಲ.

ಕಾಲು ತೊಳೆಯದಿದ್ದರೆ ದೇವರು ಪ್ರಾರ್ಥನೆ ಕೇಳುವುದಿಲ್ಲ ಅಂತ ಅಜ್ಜಿ ಯಾವತ್ತೂ ಹೇಳಲಿಲ್ಲ. ಅವರು ಹೇಳುತ್ತಿದ್ದದ್ದು, "ಯಾರ ಹತ್ತಿರ ಹೋಗ್ತಾ ಇದ್ದೇವೆ ಅಂತ ನಮಗೆ ಗೊತ್ತಿರಬೇಕಲ್ಲ." ಉರಿಯುವ ಪೊದೆಯ ಹತ್ತಿರ ಮೋಶೆ ಬಂದಾಗ ದೇವರು ಮೊದಲು ಅವನ ಹೆಸರು ಹಿಡಿದು ಕರೆದ. ಅದರ ನಂತರದ ಮಾತೇ, ಕಾಲಿನ ಕೆರ ಬಿಚ್ಚು ಅನ್ನುವುದು. ಕರೆದವನು ಅವನೇ. ಆದರೂ ಹತ್ತಿರ ಬರುವ ರೀತಿ ಇಂಥದ್ದು ಅಂತ ಹೇಳಿದವನೂ ಅವನೇ.

ಉಡುಪಿಯಲ್ಲಿ ನನ್ನ ಶಾಲಾ ಗೆಳೆಯನ ಮನೆ ರಥಬೀದಿಗೆ ಹತ್ತಿರ ಇತ್ತು. ಅವನ ಅಮ್ಮ ಬೆಳಗ್ಗೆ ಬಾವಿಯ ನೀರು ತಲೆಗೆ ಹೊಯ್ದುಕೊಂಡು, ಮಡಿ ಸೀರೆ ಉಟ್ಟು, ನೈವೇದ್ಯಕ್ಕೆ ಅನ್ನ ಇಡುತ್ತಿದ್ದರು. ಅಷ್ಟು ಹೊತ್ತು ಸ್ವಂತ ಮಗನೂ ಅವರನ್ನು ಮುಟ್ಟುವ ಹಾಗಿರಲಿಲ್ಲ. ನನ್ನ ನಂಬಿಕೆ ಬೇರೆ, ಅವರದು ಬೇರೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟದ್ದನ್ನು ನಾನು ಯಾವತ್ತೂ ಒಪ್ಪಲಾರೆ. ಆದರೆ ಆ ತಾಯಿ ಒಲೆಯ ಮುಂದೆ ನಿಲ್ಲುತ್ತಿದ್ದ ರೀತಿ ನನ್ನ ಕಣ್ಣಲ್ಲಿ ಉಳಿದಿದೆ. ಅಡುಗೆ ರುಚಿ ಆಯಿತಾ ಅಂತ ಅವರು ನೋಡುತ್ತಿರಲಿಲ್ಲ. ಅದು ತಮಗಾಗಿ ಮಾಡಿದ ಅಡುಗೆ ಅಲ್ಲ ಅನ್ನುವುದು ಅವರ ಮೈಗೇ ಗೊತ್ತಿತ್ತು.

ನಮ್ಮಲ್ಲಿ ಈಗ ಅದು ಕಡಿಮೆಯಾಗಿದೆ ಅಂತ ನನಗೆ ಅನಿಸುತ್ತದೆ. ನಾನು ಗಿಟಾರ್, ಡ್ರಮ್ಮಿನ ಬಗ್ಗೆ ದೂರುತ್ತಿಲ್ಲ. ಕೊನೆಯ ಕೀರ್ತನೆ, 150ನೆಯದು, ತಾಳ, ತಮ್ಮಟೆ, ತಂತಿವಾದ್ಯ, ಕೊಳಲು ಎಲ್ಲವನ್ನೂ ಕರೆಯುತ್ತದೆ. ನಾವು ಇವತ್ತು ಹಳೆಯದು ಅಂತ ಪ್ರೀತಿಸುವ ರಾಗಗಳು ಒಂದು ಕಾಲದಲ್ಲಿ ಹಡಗು ಹತ್ತಿ ಬಂದ ಹೊಸ ರಾಗಗಳೇ. ನನ್ನ ಚಿಂತೆ ಬೇರೆ. ಆರಾಧನೆ ಮುಗಿಸಿ ಹೊರಗೆ ಬಂದಾಗ ನಾವು ಕೇಳಿಕೊಳ್ಳುವ ಪ್ರಶ್ನೆ ಯಾವುದು? "ಇವತ್ತು ಹೇಗಿತ್ತು? ಚೆನ್ನಾಗಿತ್ತಾ?" ನಮಗೆ ಚೆನ್ನಾಗಿತ್ತಾ ಅಂತ. ಯಾರಿಗಾಗಿ ಹೋಗಿದ್ದೆವೋ ಅವನಿಗೆ ಹೇಗಿತ್ತು ಅನ್ನುವುದು ಮಾತಿಗೇ ಬರುವುದಿಲ್ಲ.

ಉಜ್ಜನ ಕಥೆ ನಿಮಗೆ ಗೊತ್ತಿರಬಹುದು. ಸಂಡೇ ಸ್ಕೂಲಿನಲ್ಲಿ ಮೊದಲ ಸಲ ಕೇಳಿದಾಗ ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಇಸ್ರಾಯೇಲಿನ ಅರಸ ದಾವೀದ ದೇವರ ಮಂಜೂಷವನ್ನು, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆಯನ್ನು, ಯೆರೂಸಲೇಮಿಗೆ ತರಿಸುತ್ತಾನೆ. 30 ಸಾವಿರ ಜನ, ಹಾಡು, ತಾಳ, ಮೇಳ. ಹೊಸ ಗಾಡಿಯ ಮೇಲೆ ಮಂಜೂಷ. ದಾರಿಯಲ್ಲಿ ಎತ್ತು ಮುಗ್ಗರಿಸುತ್ತದೆ. ಉಜ್ಜ ಕೈ ಚಾಚಿ ಮಂಜೂಷವನ್ನು ಹಿಡಿಯುತ್ತಾನೆ. ಅಲ್ಲೇ ಸಾಯುತ್ತಾನೆ. ಪಾಪ, ಬೀಳುವುದನ್ನು ಹಿಡಿದದ್ದು ತಪ್ಪಾ? ಯಾರಾದರೂ ಹಾಗೇ ಮಾಡುತ್ತಿದ್ದರು ಅಲ್ವಾ?

ಅಮ್ಮನ ಪ್ರಶ್ನೆಯ ನಂತರ ಆ ಕಥೆಯನ್ನು ಮತ್ತೆ ಓದಿದೆ. ಎರಡನೇ ಸಮುವೇಲ 6ನೇ ಅಧ್ಯಾಯದಲ್ಲಿ ಇದೆ, ಮೊದಲನೇ ಪೂರ್ವಕಾಲವೃತ್ತಾಂತ 13ರಲ್ಲೂ ಇದೆ. ಆ 13ನೇ ಅಧ್ಯಾಯ ಹೇಗೆ ಶುರುವಾಗುತ್ತದೆ ಗೊತ್ತಾ? ದಾವೀದ ಸಹಸ್ರಾಧಿಪತಿಗಳನ್ನು ಕೇಳಿದ. ಶತಾಧಿಪತಿಗಳನ್ನು ಕೇಳಿದ. ಎಲ್ಲ ನಾಯಕರನ್ನೂ ಕೇಳಿದ. ಇಡೀ ಸಭೆಗೆ ಅದು ಸರಿ ಕಂಡಿತು. ಎಲ್ಲರನ್ನೂ ಕೇಳಿದ, ದೇವರನ್ನು ಮಾತ್ರ ಕೇಳಲಿಲ್ಲ. ಹೊಸದಾಗಿ ಕೇಳಲೂ ಬೇಕಿರಲಿಲ್ಲ. ಉತ್ತರ ಮೋಶೆಯ ಕಾಲದಿಂದ ಬರೆದಿಟ್ಟದ್ದಿತ್ತು. ಮಂಜೂಷಕ್ಕೆ ನಾಲ್ಕು ಬಳೆ, ಆ ಬಳೆಗಳಲ್ಲಿ ಎರಡು ಕೋಲು, ಆ ಕೋಲುಗಳನ್ನು ತೆಗೆಯಲೇಬಾರದು. ದೇವರ ಗುಡಾರದ ಸೇವೆಗೆ ನಿಂತ ಲೇವಿ ಕುಲದಲ್ಲಿ ಕೆಹಾತನ ವಂಶದವರು ಅದನ್ನು ಹೆಗಲ ಮೇಲೆ ಹೊರಬೇಕು. ಮುಟ್ಟಿದರೆ ಸಾಯುತ್ತಾರೆ ಅನ್ನುವ ಎಚ್ಚರಿಕೆ ಕೂಡ ಇತ್ತು. ಬೇರೆ ಲೇವಿಯರಿಗೆ ಸಾಮಾನು ಸಾಗಿಸಲು ಗಾಡಿ ಕೊಟ್ಟಾಗಲೂ ಕೆಹಾತ್ಯರಿಗೆ ಗಾಡಿ ಕೊಡಲಿಲ್ಲ.

ಹಾಗಾದರೆ ಗಾಡಿಯ ಯೋಚನೆ ಎಲ್ಲಿಂದ ಬಂತು? ಫಿಲಿಷ್ಟಿಯರಿಂದ. ಇಸ್ರಾಯೇಲರ ಶತ್ರುಗಳಾದ ಅವರು ಯುದ್ಧದಲ್ಲಿ ಹೊತ್ತೊಯ್ದ ಮಂಜೂಷವನ್ನು ವಾಪಸ್ ಕಳಿಸುವಾಗ ಹೊಸ ಗಾಡಿಗೆ ಎರಡು ಹಸು ಕಟ್ಟಿ ಕಳಿಸಿದ್ದರು. ಅವರಿಗೆ ದೇವರ ಮಾತು ಗೊತ್ತಿರಲಿಲ್ಲ, ಗೊತ್ತಿದ್ದಷ್ಟರಲ್ಲಿ ಮಾಡಿದರು. ಗೊತ್ತಿದ್ದವರೂ ಅದನ್ನೇ ಮಾಡಿದರು. ಸುಲಭ ಇತ್ತು, ಚೆಂದ ಕಾಣುತ್ತಿತ್ತು.

ಉಜ್ಜನ ಬಗ್ಗೆ ಇನ್ನೊಂದು ಮಾತು ಇದೆ, ಅದು ನನಗೆ ಜಾಸ್ತಿ ನಾಟಿತು. ಅವನು ಅಬೀನಾದಾಬನ ಮನೆಯವನು. ಮಂಜೂಷ ಎಷ್ಟೋ ವರ್ಷ ಇದ್ದದ್ದು ಅದೇ ಮನೆಯಲ್ಲಿ. ಅವನು ಅದನ್ನು ದಿನಾ ನೋಡಿದವನು. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಸತ್ಯವೇದ ಹೇಳುವುದಿಲ್ಲ. ಆದರೆ ಹುಟ್ಟಿದಾಗಿನಿಂದ ದೇವಾಲಯದ ಬೆಂಚಿನಲ್ಲೇ ಬೆಳೆದ ನನಗೆ ಅವನ ಕೈ ಗುರುತು ಸಿಗುತ್ತದೆ. ದಿನಾ ನೋಡಿದ್ದು ಮನೆಯ ಸಾಮಾನಾಗಿಬಿಡುತ್ತದೆ. ನಾನು ಹಿಡಿಯದಿದ್ದರೆ ಇದು ಬಿದ್ದುಹೋಗುತ್ತದೆ ಅನಿಸಲು ಶುರುವಾಗುತ್ತದೆ.

ಉಜ್ಜ ಸತ್ತ ಮೇಲೆ ಮೂರು ತಿಂಗಳು ಮಂಜೂಷ ಓಬೇದೆದೋಮ ಅನ್ನುವವನ ಮನೆಯಲ್ಲಿ ಉಳಿಯಿತು. ಎರಡನೇ ಸಲ ತರುವಾಗ ದಾವೀದ ಲೇವಿಯರನ್ನು ಕರೆದು ಹೇಳಿದ ಮಾತಿನ ಸಾರ ಇಷ್ಟು: ಮೊದಲ ಸಲ ನೀವು ಹೊರಲಿಲ್ಲ, ನಾವು ವಿಧಿಯ ಪ್ರಕಾರ ದೇವರನ್ನು ವಿಚಾರಿಸಲಿಲ್ಲ. ಈ ಸಲ ಕೋಲು, ಹೆಗಲು. ಹೊತ್ತವರು ಆರು ಹೆಜ್ಜೆ ನಡೆದಾಗ ದಾವೀದ ಬಲಿ ಅರ್ಪಿಸಿದ. ಆಮೇಲೆ ತನ್ನ ಪೂರ್ತಿ ಶಕ್ತಿಯಿಂದ ಕುಣಿದ. ಭಯಭಕ್ತಿ ಅಂದರೆ ಮುಖ ಗಂಟು ಹಾಕಿಕೊಂಡು ಕೂರುವುದು ಅಂದುಕೊಂಡವರು ಇದನ್ನು ಓದಬೇಕು. ವಿಧೇಯನಾದ ಮೇಲೆ ಅವನು ಹೇಗೆ ಕುಣಿದ ನೋಡಿ.

ಇಲ್ಲಿ ನನ್ನ ಅಜ್ಜ ನೆನಪಾಗುತ್ತಾರೆ. ಅವರು ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಗೆ 1865ರಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಹಾಕಿತು. ಮಂಗಳೂರು ಹೆಂಚು ಅಂತ ಜಗತ್ತಿಗೆ ಗೊತ್ತಾದದ್ದು ಅಲ್ಲಿಂದ. ಅಜ್ಜ ಮನೆಯ ಮಾಡಿಗೆ ತಾವೇ ಹತ್ತುತ್ತಿದ್ದರು. ನನಗೆ ಹತ್ತೋ ಹನ್ನೊಂದೋ ವರ್ಷ. ಕೆಳಗಿನಿಂದ ಹೆಂಚು ಎತ್ತಿ ಕೊಡುವುದು ನನ್ನ ಕೆಲಸ. ಒಂದು ದಿನ ಹಟ ಮಾಡಿ ನಾನೂ ಮೇಲೆ ಹತ್ತಿದೆ. ಒಂದು ಸಾಲು ನಾನೇ ಹೊದೆಸಿದೆ. ನೋಡಲು ಸರಿಯಾಗಿಯೇ ಇತ್ತು. ಅಜ್ಜ ಒಂದು ಹೆಂಚು ತೆಗೆದು ಮಗುಚಿ ನನ್ನ ಕೈಯಲ್ಲಿಟ್ಟರು. ಅಡಿಯಲ್ಲಿ ಚಿಕ್ಕ ಉಬ್ಬುಗಳು. "ಇದು ರೀಪಿಗೆ ಕಚ್ಚಿ ಕೂರಬೇಕು. ಪಕ್ಕದ ಹೆಂಚಿನ ಕಾಲುವೆಗೆ ಇದರ ಅಂಚು ಇಳಿಯಬೇಕು. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮೇಲಿನದು ಕೆಳಗಿನದರ ಮೇಲೆ ಬರಬೇಕು." ನಾನು ಮೇಲಿನಿಂದ ಕೆಳಕ್ಕೆ ಬಂದಿದ್ದೆ. ಎಲ್ಲ ಹೆಂಚೂ ಒಳ್ಳೆಯವೇ, ನನ್ನ ಶ್ರಮವೂ ನಿಜವೇ. ಅಜ್ಜ ಇಡೀ ಸಾಲು ತೆಗೆಸಿದರು. ಜೂನ್ ತಿಂಗಳ ಮಳೆ ನನ್ನ ಶ್ರಮವನ್ನು ನೋಡುವುದಿಲ್ಲ, ನೀರು ತನ್ನ ದಾರಿಯಲ್ಲೇ ಹರಿಯುತ್ತದೆ ಅಂತ ಹೇಳಿದರು.

ಲೇವಿಕಾಂಡದ 10ನೇ ಅಧ್ಯಾಯವನ್ನು ನಾನು ಮುಟ್ಟಿ ಬಿಡುತ್ತೇನೆ, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಮೋಶೆಯ ಅಣ್ಣ, ಮಹಾಯಾಜಕ ಆರೋನನ ಇಬ್ಬರು ಮಕ್ಕಳು, ನಾದಾಬ್ ಮತ್ತು ಅಬೀಹೂ. ದೇವರು ಆಜ್ಞಾಪಿಸದ ಬೆಂಕಿಯನ್ನು ಧೂಪಾರತಿಯಲ್ಲಿ ತಂದರು. ದೇವರ ಸನ್ನಿಧಿಯಿಂದ ಬಂದ ಬೆಂಕಿ ಅವರನ್ನು ಸುಟ್ಟಿತು. ಆರೋನ ಸುಮ್ಮನಿದ್ದ ಅಂತ ಒಂದು ಸಾಲು ಬರುತ್ತದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬಂದ ಅಪ್ಪನಿಗೆ ಆ ಸಾಲು ದಾಟುವುದು ಕಷ್ಟ. ದೇವರ ಪರಿಶುದ್ಧತೆಯನ್ನು ನನಗೆ ಅರ್ಥವಾಗುವಷ್ಟು ಚಿಕ್ಕದು ಮಾಡಿಕೊಳ್ಳಬಾರದು ಅಂತ ಮಾತ್ರ ಆ ಸಾಲಿನ ಮುಂದೆ ಕೂತಾಗ ಅನಿಸುತ್ತದೆ.

"ಇದೆಲ್ಲ ಹಳೆಯ ಒಡಂಬಡಿಕೆ. ಯೇಸು ಬಂದ ಮೇಲೆ ದೇವರು ನಮ್ಮ ಅಪ್ಪ, ಇನ್ನು ಯಾಕೆ ಇಷ್ಟು ಭಯ?" ಅಂತ ನನ್ನ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಯೇಸು ಪ್ರಾಣಬಿಟ್ಟಾಗ ದೇವರ ಸನ್ನಿಧಿಯನ್ನು ಮರೆಮಾಡಿದ್ದ ದೇವಾಲಯದ ತೆರೆ ಮೇಲಿನಿಂದ ಕೆಳಗಿನ ತನಕ ಹರಿಯಿತು. ದಾರಿ ತೆರೆದಿದೆ, ಧೈರ್ಯದಿಂದ ಬನ್ನಿ ಅಂತ ಇಬ್ರಿಯರಿಗೆ ಬರೆದ ಪತ್ರ ಕರೆಯುತ್ತದೆ. ಅದೇ ಪತ್ರ ಮುಂದೆ ಹೋಗಿ, ನಮ್ಮ ದೇವರು ದಹಿಸುವ ಅಗ್ನಿ, ಭಯಭಕ್ತಿಯಿಂದ ಸೇವೆ ಮಾಡೋಣ ಅಂತಲೂ ಹೇಳುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯನ್ನೇ ನೋಡಿ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು. ಉಸಿರು ಬಿಡುವ ಮೊದಲೇ ನಿನ್ನ ನಾಮ ಪರಿಶುದ್ಧವೆಂದು ಎಣಿಸಲ್ಪಡಲಿ ಅನ್ನುತ್ತೇವೆ. ಆಮೇಲೆ ನಿನ್ನ ಚಿತ್ತ ನೆರವೇರಲಿ. ಅನ್ನ ಕೇಳುವುದು ಅದರ ನಂತರ. ಅಪ್ಪ ಅನ್ನುವುದೂ ಪರಿಶುದ್ಧ ಅನ್ನುವುದೂ ಒಂದೇ ಉಸಿರಿನಲ್ಲಿ ಇವೆ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮಗನೇ ಆದವನು ಅಪ್ಪಾ ಅಂತ ಕರೆದು, ನನ್ನ ಚಿತ್ತದಂತಲ್ಲ ಅಂದ. ಮಗನೇ ಹಾಗೆ ಅಂದ ಮೇಲೆ ನಾನು ಯಾರು?

ಇಷ್ಟೆಲ್ಲ ಓದಿದೆ. ಆದರೂ ಚೀಟಿ ಕಿಸೆಯಲ್ಲೇ ಇತ್ತು. ಯಾಕೆಂದರೆ ದೇವರು ನನ್ನಿಂದ ಏನು ಕೇಳಿದ್ದಾನೆ ಅನ್ನುವುದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಅಪ್ಪ ಶಾಲೆಯ ಮೇಷ್ಟ್ರು. ಉಡುಪಿ ಕಡೆ ಕೆಲಸದಲ್ಲಿದ್ದಾಗ ಕಟಪಾಡಿಯ ಹತ್ತಿರ ಒಂದು ಮನೆ ಕಟ್ಟಿದರು. ಅಣ್ಣ ಅಲ್ಲೇ ಇದ್ದಾನೆ. ಅಪ್ಪ ಹೋದ ಮೇಲೆ ಬಾವಿಯ ಆಚೆಗಿನ 10 ಸೆಂಟ್ಸ್ ಜಾಗದ ಬಗ್ಗೆ ಮಾತು ಬಂತು. ಆರು ತೆಂಗಿನಮರ ಇರುವ ಜಾಗ. ಮಾತು ಬೆಳೆಯಿತು. ಅಣ್ಣನೂ ಕೆಲವು ಮಾತು ಆಡಿದ, ಆದರೆ ಅದನ್ನು ಬರೆಯಲು ನಾನು ಇಲ್ಲಿ ಕೂತಿಲ್ಲ. ವಕೀಲರ ಕೈಯಲ್ಲಿ ನೋಟಿಸ್ ಕಳಿಸಿದ್ದು ನಾನು. ಒಡಹುಟ್ಟಿದ ಅಣ್ಣನಿಗೆ ರಿಜಿಸ್ಟರ್ಡ್ ಪೋಸ್ಟ್. ಅದರ ನಂತರ ಎರಡು ವರ್ಷ ಮಾತಿಲ್ಲ. ಮಗಳು ಆಸ್ಪತ್ರೆಯಲ್ಲಿದ್ದಾಗ ಅವನು ಅಮ್ಮನಿಗೆ ದಿನಾ ಫೋನ್ ಮಾಡುತ್ತಿದ್ದ. ನಾನು ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದೆ.

ಮತ್ತಾಯ 5ನೇ ಅಧ್ಯಾಯ, 23 ಮತ್ತು 24ನೇ ವಚನ. ಕಾಣಿಕೆಯನ್ನು ಯಜ್ಞವೇದಿಗೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಡು. ಹೋಗು. ಮೊದಲು ಅವನ ಸಂಗಡ ಒಂದಾಗು. ಆಮೇಲೆ ಬಂದು ಕಾಣಿಕೆ ಕೊಡು. ಇದರಲ್ಲಿ ವ್ಯಾಖ್ಯಾನ ಬೇಕಾದ ಪದ ಒಂದೂ ಇಲ್ಲ. ಈ ವಚನವನ್ನು ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ.

ಅದಕ್ಕೇ ಕೀಬೋರ್ಡು. ನನಗೆ ಈಗ ಅದು ಸ್ಪಷ್ಟ. ದೇವರು ಕೇಳಿದ್ದನ್ನು ಕೊಡಲು ಇಷ್ಟ ಇಲ್ಲದಿದ್ದಾಗ, ಕೇಳದ್ದನ್ನು ಜಾಸ್ತಿ ಕೊಡಲು ಹೊರಡುತ್ತೇವೆ. ಇಸ್ರಾಯೇಲಿನ ಮೊದಲ ಅರಸ ಸೌಲ ಮಾಡಿದ್ದು ಇದನ್ನೇ. ಮೊದಲನೇ ಸಮುವೇಲ 15ನೇ ಅಧ್ಯಾಯ. ಅಮಾಲೇಕ್ಯರ ಆ ಯುದ್ಧದ ಕಥೆ ಓದುವಾಗ ಮನಸ್ಸು ನಡುಗುತ್ತದೆ, ಆ ಪ್ರಶ್ನೆಗಳು ಇನ್ನೊಂದು ದಿನಕ್ಕೆ ಇರಲಿ. ಶತ್ರುಗಳದ್ದು ಏನನ್ನೂ ಉಳಿಸಬಾರದು ಅಂತ ದೇವರ ಆಜ್ಞೆ ಇದ್ದರೂ ಒಳ್ಳೊಳ್ಳೆಯ ಕುರಿಗಳನ್ನು ಉಳಿಸಿಕೊಂಡು ಬಂದ ಸೌಲ, ನಾನು ದೇವರ ಮಾತು ನೆರವೇರಿಸಿದ್ದೇನೆ ಅನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುವ ಈ ಕುರಿಗಳ ಕೂಗು ಏನು ಅಂತ ಪ್ರವಾದಿ ಸಮುವೇಲ ಕೇಳುತ್ತಾನೆ. ದೇವರಿಗೆ ಬಲಿ ಕೊಡಲು ಜನ ಉಳಿಸಿದ್ದಾರೆ ಅಂತ ಉತ್ತರ. ಆಗ ಬರುತ್ತದೆ ಆ ಮಾತು, ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ. ನಮ್ಮ ಕನ್ನಡ ಸತ್ಯವೇದದಲ್ಲಿ ಅಲ್ಲಿರುವುದು "ಮಾತುಕೇಳುವದು" ಅಂತಲೇ. ಅದೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ವಿವರ ಇದೆ. ಸಮುವೇಲ ಬರುವ ಮೊದಲು ಸೌಲ ಕರ್ಮೆಲಿಗೆ ಹೋಗಿ ತನಗಾಗಿ ಒಂದು ಜ್ಞಾಪಕಸ್ತಂಭ ನಿಲ್ಲಿಸಿದ್ದ. ಅದನ್ನು ಓದಿದಾಗ ನನ್ನ ಕೈ ಕಿಸೆಯ ಚೀಟಿಗೆ ಹೋಯಿತು.

ಅಣ್ಣನಿಗೆ ವಾಟ್ಸಾಪ್ ಮಾಡೋಣ ಅಂತ ಮೊದಲು ಅಂದುಕೊಂಡೆ. ಟೈಪ್ ಕೂಡ ಮಾಡಿದೆ. ಆಮೇಲೆ ಆ ಹೊಸ ಗಾಡಿ ನೆನಪಾಗಿ ಅಳಿಸಿದೆ. ವಚನದಲ್ಲಿ ಇರುವುದು "ಹೋಗು" ಅಂತ.

ಶನಿವಾರ ಬೆಳಗ್ಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿ ಬಸ್ಸು ಹತ್ತಿದೆ. ಕೂಳೂರಿನಲ್ಲಿ ಫಲ್ಗುಣಿ ನದಿ ದಾಟುವಾಗ ಮಳೆ. ಸುರತ್ಕಲ್ ಕಳೆದು ಪಾವಂಜೆಯಲ್ಲಿ ನಂದಿನಿ. ಮುಲ್ಕಿಯಲ್ಲಿ ಶಾಂಭವಿ, ಕೆಂಪು ನೀರು ತುಂಬಿ ಹರಿಯುತ್ತಿತ್ತು. ಒಂದಾದ ಮೇಲೆ ಒಂದು ಹೊಳೆ ದಾಟುವಾಗ ನಾಮಾನ ನೆನಪಾದ. ಅರಾಮಿನ ಸೇನಾಪತಿ, ಕುಷ್ಠರೋಗಿ. ಗುಣವಾಗಲು ಪ್ರವಾದಿ ಎಲೀಷನ ಮನೆ ಬಾಗಿಲಿಗೆ ರಥದಲ್ಲಿ ಬಂದ. ಎಲೀಷ ಹೊರಗೂ ಬರಲಿಲ್ಲ, ಯೊರ್ದನಿನಲ್ಲಿ ಏಳು ಸಲ ಮುಳುಗು ಅಂತ ಹೇಳಿ ಕಳಿಸಿದ. ನಾಮಾನನಿಗೆ ಸಿಟ್ಟು. ಅವನು ಹೊರಗೆ ಬಂದು, ನಿಂತು, ದೇವರ ಹೆಸರು ಕರೆದು, ಕೈ ಆಡಿಸುತ್ತಾನೆ ಅಂತ ಅಂದುಕೊಂಡಿದ್ದೆ ಅನ್ನುತ್ತಾನೆ. ಅಂದುಕೊಂಡಿದ್ದೆ! ದಮಸ್ಕದ ಅಬಾನಾ, ಪರ್ಪರ್ ನದಿಗಳು ಇದಕ್ಕಿಂತ ಒಳ್ಳೆಯವಲ್ಲವಾ ಅಂತಲೂ ಕೇಳುತ್ತಾನೆ. ಆಗ ಸೇವಕರು ಮೆಲ್ಲಗೆ ಹೇಳಿದ್ದು: ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ ಅಲ್ಲವಾ?

ನಿನಗಾಗಿ ಏನಾದರೂ ದೊಡ್ಡದು ಮಾಡುತ್ತೇನೆ ಅಂತ ನಾನು ಹೇಳಿದ್ದೆ. ಬಸ್ಸಿನ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಪಡುಬಿದ್ರಿಯ ತನಕ ಹಾಗೇ ಕೂತಿದ್ದೆ. ಕಾಪು ದಾಟಿದಾಗ ಇಳಿದು ವಾಪಸ್ ಹೋಗೋಣ ಅಂತ ಒಂದು ಸಲ ಎದ್ದೂ ನಿಂತೆ.

ಅಣ್ಣ ಗೇಟಿನ ಹತ್ತಿರ ಛತ್ರಿ ಹಿಡಿದು ತೋಡಿನ ಕಸ ತೆಗೆಯುತ್ತಿದ್ದ. ನನ್ನನ್ನು ನೋಡಿ ನಿಂತ. ಮೊದಲು ಕೇಳಿದ್ದು, "ಅಮ್ಮನಿಗೆ ಏನಾಯ್ತು?" ಏನೂ ಆಗಿಲ್ಲ ಅಂದೆ. ಹೇಳಬೇಕಾದ್ದನ್ನು ಒಳಗೆ ಹೋದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಒಳಗೆ ಹೋದರೆ ಚಹಾ ಬರುತ್ತದೆ, ಮಾತು ಎಲ್ಲೋ ಹೋಗುತ್ತದೆ ಅಂತ ಹೆದರಿಕೆಯಾಯಿತು. ಮಳೆಯಲ್ಲಿ ನಿಂತೇ ಹೇಳಿದೆ. "ನೋಟಿಸ್ ಕಳಿಸಿದ್ದು ನನ್ನ ತಪ್ಪು. ವಾಪಸ್ ತೆಗೆಯುತ್ತೇನೆ. ಕ್ಷಮಿಸು."

ಅಣ್ಣ ಏನೂ ಹೇಳಲಿಲ್ಲ. ಅವನ ಕೈಯ ಹಾರೆಗೆ ಒದ್ದೆ ಎಲೆ ಅಂಟಿಕೊಂಡಿತ್ತು. ಅದನ್ನು ಕಾಲಿನಿಂದ ಉಜ್ಜಿ ತೆಗೆದ. ತುಂಬ ಹೊತ್ತಿನ ಮೇಲೆ, "ಅಮ್ಮ ಹೇಳಿದ್ದಾ ಬರಲಿಕ್ಕೆ?" ಅಂದ. ಅಮ್ಮ ಬಾ ಅಂತ ಹೇಳಿರಲಿಲ್ಲ. "ಇಲ್ಲ, ಸತ್ಯವೇದದಲ್ಲಿ ಉಂಟು" ಅಂದೆ. ಬೇರೆ ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಛತ್ರಿಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿದ.

ಜಾಗದ ವಿಷಯ ಆ ದಿನ ಮುಗಿಯಲಿಲ್ಲ. ಇವತ್ತಿಗೂ ಪೂರ್ತಿ ಮುಗಿದಿಲ್ಲ. ಅಪ್ಪಿಕೊಳ್ಳುವುದು, ಅಳುವುದು, ಅಂಥದ್ದು ಏನೂ ನಡೆಯಲಿಲ್ಲ. ಅತ್ತಿಗೆ ಚಹಾ ಕೊಟ್ಟರು. ಮಗಳ ಬಗ್ಗೆ ಕೇಳಿದರು. ಅಣ್ಣ ಅಮ್ಮನ ಮಂಡಿನೋವು ಕೇಳಿದ. ಹೊರಡುವಾಗ ಬಾವಿಯ ಹತ್ತಿರದ ಚಪ್ಪರದಿಂದ ಬಸಳೆ ಕೊಯ್ದು, ಬಾಳೆನಾರಿನಿಂದ ಕಟ್ಟಿ, ಪೇಪರಿನಲ್ಲಿ ಸುತ್ತಿ ಕೊಟ್ಟ. "ಅಮ್ಮನಿಗೆ" ಅಂದ.

ಮಾರನೆ ದಿನ ಆರಾಧನೆ ಮುಗಿದ ಮೇಲೆ ಸಭಾಪಾಲಕರ ಹತ್ತಿರ ಹೋಗಿ, ಸಭೆಗೆ ಈಗ ಏನು ಬೇಕು ಅಂತ ಕೇಳಿದೆ. ಅವರು ಯೋಚನೆ ಮಾಡಲೂ ಇಲ್ಲ. ಹಿಂಬದಿಯ ಮಾಡಿನ ರೀಪು, ಪಕ್ಕಾಸು ಗೆದ್ದಲು ಹಿಡಿದು ಹೋಗಿದೆ, ಹೆಂಚು ಇಳಿಸಿ ಬದಲಾಯಿಸಬೇಕು ಅಂದರು. ಕೀಬೋರ್ಡಿಗೆ ಇಟ್ಟಿದ್ದ ಹಣ ಅದಕ್ಕೆ ಹೋಯಿತು. ಫಲಕ ಹಾಕಿಸಲಿಲ್ಲ.

ಆದರೆ ನಾನು ಹೇಳಬೇಕಾದ್ದು ಅದಕ್ಕಿಂತ ಮೊದಲು ಆ ಶನಿವಾರ ರಾತ್ರಿ ನಡೆದದ್ದು. ಅಮ್ಮ ಬಸಳೆಗೆ ಹಲಸಿನ ಬೀಜ ಹಾಕಿ ಕೊದ್ದೆಲ್ ಮಾಡಿದ್ದರು. ಊಟಕ್ಕೆ ಮೊದಲು ಪ್ರಾರ್ಥನೆ. ಅಜ್ಜಿಯ ಹಾಗೆ ಅಮ್ಮನೂ ಕೊನೆಯಲ್ಲಿ ಮನೆಯ ಒಬ್ಬೊಬ್ಬರ ಹೆಸರು ಹೇಳಿ ದೇವರ ಕೈಗೆ ಒಪ್ಪಿಸುತ್ತಾರೆ. ಪ್ರತಿ ಹೆಸರಿಗೂ ನಾವು ಆಮೆನ್ ಅನ್ನಬೇಕು. ಎರಡು ವರ್ಷದಿಂದ ಅಣ್ಣನ ಹೆಸರು ಬಂದಾಗ ಹೆಂಡತಿ, ಮಗಳು ಆಮೆನ್ ಅನ್ನುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ. ಅಮ್ಮ ಅದನ್ನು ಗಮನಿಸಿಲ್ಲ ಅಂತ ನನ್ನ ಎಣಿಕೆ. ಆ ರಾತ್ರಿ ಹಿತ್ತಲಿನ ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಂಡು ಬಂದು ಕೂತೆ. ಅಮ್ಮ ಹೆಸರುಗಳನ್ನು ಹೇಳುತ್ತಾ ಬಂದರು. ಅಣ್ಣನ ಹೆಸರು ಹೇಳಿ ನಿಲ್ಲಿಸಿದರು. ಹೆಂಡತಿ, ಮಗಳು ಆಮೆನ್ ಅಂದರು. ಅಮ್ಮ ಮುಂದಿನ ಹೆಸರಿಗೆ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಕಾದರು.

ಆಮೆನ್ ಅಂದೆ.